ಜಡೆಗೆ ಎಷ್ಟು ಹೊತ್ತು

“ಯಾವಳ ಮದ್ವೆಗೆ ಹೊಂಟಿದ್ದೀಯಾ ಅಂತ ಇಷ್ಟು ಸಿಂಗಾರ?”

ಸೂಪರ್‌ವೈಸರ್ ಕದಿರೇಶ್ ಮರದ ಸ್ಕೇಲಿನಿಂದ ನನ್ನ ಜಡೆ ಎತ್ತಿ ಗಾರ್ಮೆಂಟ್ಸ್ ಲೈನಿನವರಿಗೆಲ್ಲ ತೋರಿಸುತ್ತಿದ್ದ. ಕೈಯಿಂದ ಮುಟ್ಟಲಿಲ್ಲ. ಸತ್ತ ಹಾವನ್ನು ಕೋಲಿನಲ್ಲಿ ಎತ್ತುವ ಹಾಗೆ ಎತ್ತಿದ್ದ. ನನ್ನ ಹೊಲಿಗೆ ಮಿಷನ್ನಿನಲ್ಲಿ ಕಾಲರ್ ಅರ್ಧಕ್ಕೆ ನಿಂತಿತ್ತು.

“ಬೆಳಿಗ್ಗೆ ಕನ್ನಡಿ ಮುಂದೆ ಕುಂತ್ರೆ ಏಳಲ್ಲ ನೀವು. ಅಲ್ಲೇ ಸುಸ್ತಾಗಿ, ಇಲ್ಲಿ ಬಂದು ತೂಕಡಿಸ್ತೀರಾ. ಪೀಸ್ ಎಲ್ಲಿಂದ ಬರ್ತವೆ, ಮಿಟಕಲಾಡೀರಾ?”

ಮಾರನೆಯ ದಿನ ಕಕ್ಕಸಿನ ಬಳಿಯ ಕನ್ನಡಿ ಮಾಯವಾಗಿತ್ತು. ಗೋಡೆಯಲ್ಲಿ ಮೊಳೆಗಳು ಮಾತ್ರ ಉಳಿದಿದ್ದವು.

ಅವನ ಬಾಯಿಗೆ ಮಣ್ಣು ಹಾಕ. ನಮ್ಮ ಮನೆಯಲ್ಲಿ ಕನ್ನಡಿ ಮುಂದೆ ಕೂರುವ ಪುರುಸೊತ್ತು ಯಾರಿಗಿದೆ? ಕತ್ತಲಲ್ಲೇ ಎದ್ದು ಮುದ್ದೆಗೆ ಎಸರಿಡಬೇಕು. ನಲ್ಲಿ ಸದ್ದು ಮಾಡಿದ ಕೂಡಲೇ ಬಿಂದಿಗೆ ಹಿಡಿದು ಓಡಬೇಕು. ಆ ನೀರು ತುಂಬಿಟ್ಟರೆ ಹಾಸಿಗೆ ಹಿಡಿದ ಅತ್ತೆಗೂ ಶಾಲೆಗೆ ಹೋಗುವ ಮಗಳಿಗೂ ದಿನ ಕಳೆಯುತ್ತದೆ. ಇಲ್ಲದಿದ್ದರೆ ಇಲ್ಲ. ಕೊನೆಯ ಬಿಂದಿಗೆ ಇಳಿಸುವ ಹೊತ್ತಿಗೆ ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತದೆ. ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತೇನೆ.

ನಮ್ಮ ಸಿಂಗಾರವೆಲ್ಲ ಬಸ್ಸಿನಲ್ಲೇ. ಹಿಂದಿನ ಸೀಟಿನವಳು ಮುಂದಿನ ಸೀಟಿನವಳ ತಲೆ ಬಾಚುತ್ತಾಳೆ. ಹೀಗೆ ಕೊನೆಯ ಸೀಟಿನಿಂದ ಮೊದಲ ಸೀಟಿನವರೆಗೆ. ಮುಳಬಾಗಿಲು ದಾಟಿ ಕೋಲಾರ ಬರುವುದರೊಳಗೆ ಎಲ್ಲರ ಜಡೆಯೂ ಮುಗಿದಿರುತ್ತದೆ. ನನ್ನ ಹಿಂದೆ ಸಬಾ ಕೂರುತ್ತಾಳೆ. ಅವಳು ತಲೆಯ ದುಪಟ್ಟಾ ತೆಗೆಯುವ ಮುಂಚೆ ಡ್ರೈವರ್ ಜಾನ್ ಪಾಷಾ ತಾನಾಗಿಯೇ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸುತ್ತಾನೆ. ನನ್ನ ಮುಂದೆ ಕೂರುವವಳು ಅನಿತ. ಹೊಸ ಹುಡುಗಿ, ಕದಿರೇಶನೇ ಕರೆತಂದು ಸೇರಿಸಿದವಳು.

ಅದೇ ವಾರ ಊಟದ ಹಾಲಿನಲ್ಲಿ ಮೀಟಿಂಗ್ ಕರೆದರು. ಆಫೀಸಿನ ಸೌಪರ್ಣಿಕಾ ಮೇಡಂ ಹುಬ್ಬು ತೀಡಿಸಿ, ಕೂದಲು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು.

“ನಿಮ್ಮ ಒಳ್ಳೇದಕ್ಕೇ ಕೇಳ್ತಿದೀನಿ. ಬೆಳಿಗ್ಗೆ ರೆಡಿಯಾಗೋಕೆ ಎಷ್ಟು ಹೊತ್ತು ಬೇಕು ನಿಮಗೆ?”

ನಮಗೆಲ್ಲ ಹಿರಿಯಳಾದ ಭಾರತಮ್ಮ ಪಿಸುಗುಟ್ಟಿದಳು: “ಉಂಡ್ರಾ ಅಂತ ಒಂದಿನ ಕೇಳ್ದೋರಲ್ಲ, ಜಡೆ ಇಚಾರ ಯಾಕಂತೆ? ಇದ್ರಾಗೆ ಏನೋ ಐತೆ ಕಣೇ. ಸುಮ್ಕಿರ್ರಿ.”

ಅನಿತ ಎದ್ದು ನಿಂತಳು. “ಮನೇಲೆಲ್ಲಿ ಟೈಮಾಗತ್ತೆ ಮೇಡಂ? ಎಲ್ರೂ ಬಸ್ಸಲ್ಲೇ ಜಡೆ ಹಾಕ್ಕೊಂಡ್ ಬಂದ್ಬಿಡ್ತೀವಿ.”

ಮೇಡಂ ನಕ್ಕರು. ಕದಿರೇಶನೂ ನಕ್ಕ. ಆ ನಗು ನನಗೆ ಸರಿ ಕಾಣಲಿಲ್ಲ.

ಶನಿವಾರ ಗೇಟಿನಲ್ಲಿ ಕದಿರೇಶ್ ಹೇಳಿದ: “ಸೋಮವಾರದಿಂದ ಬಸ್ಸೂ ಕೆಲ್ಸಾನೂ ಅರ್ಧ ಗಂಟೆ ಮುಂಚೆ. ಸಿಂಗಾರ ಬಸ್ಸಲ್ಲೇ ಆಗತ್ತಂತಲ್ಲ, ಮನೇಲಿ ನಿಮಗೇನು ಕೆಲ್ಸ?”

“ಸಾರ್, ನಲ್ಲೀಲಿ ನೀರು ಬರೋದೇ ಆವಾಗ...”

“ನೀರಿಗೆ ನಿನ್ ಗಂಡನ್ ಕಳ್ಸೇ ಅಂಜಮ್ಮ.”

ನನ್ನ ಗಂಡ ಸತ್ತು ವರ್ಷಗಳಾಗಿರುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಬಸ್ಸಿನಲ್ಲಿ ಅನಿತ ಎಂದಿನಂತೆ ತಲೆಯನ್ನು ಹಿಂದಕ್ಕೆ ವಾಲಿಸಿದಳು. ನಾನು ಬಾಚಣಿಗೆ ಎತ್ತುವಷ್ಟರಲ್ಲಿ ಭಾರತಮ್ಮ ಗದರಿದಳು. “ಮುಟ್ಬೇಡ್ವೇ ಆ ಪಿಲ್ಲನ್ನ. ಅದು ಕಂಪನಿ ಕಿವಿ.”

ನನಗೂ ಹಾಗೇ ಅನ್ನಿಸಿತ್ತು. ಕಿಟಕಿಯ ಕಡೆ ಮುಖ ತಿರುಗಿಸಿದೆ. ಅನಿತ ತುಂಬ ಹೊತ್ತು ಹಾಗೇ ಕಾದು, ಆಮೇಲೆ ಕೂದಲನ್ನು ಗಂಟು ಹಾಕಿಕೊಂಡಳು. ಮರುದಿನವೂ ಹಾಗೇ ಆಯಿತು. ಸಿಕ್ಕು ಸಿಕ್ಕಾದ ಆ ಗಂಟನ್ನೂ ಕದಿರೇಶ್ ಸ್ಕೇಲಿನಿಂದ ಎತ್ತಿದ. “ಏನಿದು, ಕಾಗೆ ಗೂಡಾ? ಕೆಲ್ಸ ಕೊಡ್ಸಿದ್ದಕ್ಕೆ ನನ್ ಮಾನ ಕಳೀತೀಯಾ, ದರಿದ್ರ ಮುಂಡೆ?” ಅವಳ ಕಣ್ಣಲ್ಲಿ ನೀರು ಬಂತು.

“ನಾಟ್ಕ ಇರ್ಬೋದು,” ಅಂದಳು ಭಾರತಮ್ಮ. ಇರಬಹುದು ಅಂದುಕೊಂಡೆ ನಾನೂ.

ಆ ಸಂಜೆ ಮನೆಗೆ ಹೋದಾಗ ಬಿಂದಿಗೆಗಳು ಒಣಗಿ ಬಿದ್ದಿದ್ದವು. ಅತ್ತೆ ಒದ್ದೆಯಾದ ಸೀರೆಯಲ್ಲೇ ಮಲಗಿದ್ದರು. ತೊಳೆಯಲು ಮನೆಯಲ್ಲಿ ಒಂದು ಚೊಂಬು ನೀರಿರಲಿಲ್ಲ. “ನನ್ನ ನೋಡ್ಬೇಡಮ್ಮ,” ಎಂದು ಮುಖ ಗೋಡೆಗೆ ಮಾಡಿಕೊಂಡರು. ಪಕ್ಕದ ಮನೆಯಲ್ಲಿ ಬೇಡಿ ತಂದ ನೀರಿನಲ್ಲಿ ಅವರ ಮೈ ಒರೆಸಿದೆ.

ಬೆಳಿಗ್ಗೆ ಬಸ್ಸು ಹತ್ತಿದವಳೇ ಹೇಳಿದೆ: “ಇವತ್ತು ಯಾರೂ ಜಡೆ ಹಾಕ್ಬೇಡ್ರಿ. ಹಾಕಿರೋರು ಬಿಚ್ರಿ.”

“ಬಿಚ್ಚಿದ ಕೂದ್ಲಲ್ಲಿ ಮಿಷನ್ ಮುಂದೆ ಬಿಡಲ್ವಲ್ಲೇ,” ಅಂದಳು ಭಾರತಮ್ಮ.

“ಅದಕ್ಕೇ ಅಕ್ಕ.”

ಅವಳಿಗೆ ಅರ್ಥವಾಯಿತು. ಆದರೂ ಅನಿತಳತ್ತ ಕಣ್ಣು ತೋರಿಸಿದಳು. “ಇವ್ಳು ಈಗ್ಲೇ ಫೋನ್ ಮಾಡಿ ಹೇಳ್ಬಿಟ್ರೆ?”

ಅನಿತ ತನ್ನ ಫೋನನ್ನು ಹಿಂದಕ್ಕೆ ಚಾಚಿ ನನ್ನ ಮಡಿಲಿಗೆ ಹಾಕಿದಳು.

ಗೇಟಿನಲ್ಲಿ ಇಳಿದಾಗ ಎಲ್ಲರ ಕೂದಲೂ ಬೆನ್ನ ಮೇಲೆ ಹರಡಿತ್ತು. ಗಂಡಸರಿದ್ದ ಕಾರಣ ಸಬಾ ಮಾತ್ರ ದುಪಟ್ಟಾ ತೆಗೆಯಲಿಲ್ಲ. ಕದಿರೇಶ್ ಸ್ಕೇಲು ಹಿಡಿದು ಓಡಿ ಬಂದ.

“ಏನ್ರೇ ಇದು, ದೆವ್ವ ಹಿಡ್ದಿದ್ಯಾ? ಹಿಂಗೇ ಒಳಗ್ ಬಿಡ್ತೀನಾ ನಾನು?”

“ಬಿಡ್ಬೇಡಿ ಸಾರ್. ಜಡೆ ಹಾಕ್ಕೊಂಡೇ ಬರ್ತೀವಿ,” ಎಂದು ಭಾರತಮ್ಮ ಸಿಮೆಂಟಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. ಅವಳ ಹಿಂದೊಬ್ಬಳು ಕೂತಳು, ಅವಳ ಹಿಂದೆ ಇನ್ನೊಬ್ಬಳು. ಸಾಲು ಬಾಗಿಲಿಗೆ ಅಡ್ಡವಾಗಿ ಬೆಳೆಯಿತು. ಸಬಾ ನನ್ನ ತಲೆಗೆ ಕೈ ಹಾಕಿದಳು.

ನನ್ನ ಮುಂದೆ ಜಾಗ ಖಾಲಿ ಇತ್ತು. ಅನಿತ ದೂರದಲ್ಲೇ ನಿಂತಿದ್ದಳು. ಅವಳ ಮೇಲಿನ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. “ಬಾರೇ,” ಅಂದೆ. ಬಂದು ನನ್ನ ಮುಂದೆ ಕೂತಳು.

ಸೈರನ್ ಕೂಗಿತು. ಒಳಗಿನ ಮಿಷನ್ನುಗಳು ಸುಮ್ಮನಿದ್ದವು. ಸೌಪರ್ಣಿಕಾ ಮೇಡಂ ಕಾರಿನಿಂದಿಳಿದು ಬಿರಬಿರನೆ ಬಂದರು. “ಏನ್ ನಡೀತಿದೆ ಇಲ್ಲಿ?”

“ಎಷ್ಟು ಹೊತ್ತು ಬೇಕು ಅಂತ ಕೇಳಿದ್ರಲ್ಲ ಮೇಡಂ, ನಿಂತ್ಕೊಂಡು ನೋಡಿ,” ಅಂದೆ.

“ಬೇಗ ಮುಗಿಸೇ ಲೌಡಿ!” ಕದಿರೇಶ್ ನನ್ನ ಕಿವಿಯ ಹತ್ತಿರವೇ ಅರಚಿದ.

“ಸಿಕ್ಕು ಜಾಸ್ತಿ ಐತೆ ಸಾರ್.”

ತುದಿಯಿಂದ ಒಂದೊಂದೇ ಸಿಕ್ಕು ಬಿಡಿಸಿದೆ. ನುಣ್ಣಗೆ ಬಾಚಿ, ಮೂರು ಕಾಲು ಮಾಡಿ ಜಡೆ ಹೆಣೆದೆ. ಅನಿತ ರಬ್ಬರ್ ಬ್ಯಾಂಡನ್ನು ಹಿಂದಕ್ಕೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಹೆಣೆದದ್ದನ್ನೆಲ್ಲ ಬಿಚ್ಚಿ, ಮತ್ತೆ ಮೊದಲಿನಿಂದ ಬಾಚತೊಡಗಿದೆ.