ಬಲಗಾಲಿನ ಬೂಟು

ಬಂಗಾರೆವ್ವ ಶವಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟರು. ಮುಚ್ಚಲು ಬಂದಿದ್ದ ನೌಕರ ಹಿಂದೆ ಸರಿದ.

"ನಮ್ಮೊಳಗ ಮಲಗಿಸಿ ಮಣ್ಣು ಮಾಡೂದಿಲ್ಲ. ಕುಂದ್ರಸ್ರಿ."

"ಅವ್ವಾ, ಇಲ್ಲಿ ಪೆಟ್ಟಿಗಿ ಬಿಟ್ಟು ಬ್ಯಾರೆ ದಾರಿ ಇಲ್ಲ. ಸ್ಮಶಾನದ ಆಫೀಸಿನಾಗ ಮತ್ತ ಮತ್ತ ಕೇಳೇನಿ," ಎಂದ ಮಗ ಶಿವರಾಜ.

"ಇನ್ನೊಮ್ಮೆ ಕೇಳು. ಹುಟ್ಟಿದಾಗಿಂದ ಲಿಂಗ ಕಟ್ಟಿದವ್ರು. ಅಂಗೈಯಾಗ ಲಿಂಗ ಹಿಡದು, ಕುಂತs ಹೋಗಬೇಕು."

ಹಣೆಗೆ ವಿಭೂತಿ, ಮೈಗೆ ಕರಿ ಸೂಟು, ಕಾಲಿಗೆ ಮಿರಿಮಿರಿ ಬೂಟು. ಬಂಗಾರೆವ್ವನ ಗಂಡ ಸಿದ್ರಾಮಪ್ಪ ತಮ್ಮ ಪಾಡಿಗೆ ಮಲಗಿದ್ದರು. ಅಮೆರಿಕದ ವಾಲ್ನಟ್ ಕ್ರೀಕಿನ ಆ ಅಂತ್ಯಕ್ರಿಯೆಯ ಸಭಾಂಗಣದಲ್ಲಿ ಕೂತಿದ್ದವರು ಮುಖ ಎತ್ತಲಾರದೆ ಫೋನು ನೋಡುತ್ತಿದ್ದರು. ತಾಯಿಯ ಹಟಕ್ಕೂ ಅರ್ಥವಿತ್ತು, ಮಗನ ಸಂಕಟಕ್ಕೂ ಅರ್ಥವಿತ್ತು.

ಅಷ್ಟರಲ್ಲಿ ವಾಕರ್ ತಳ್ಳುತ್ತ ಬಿಳಿಯ ಮುದುಕರೊಬ್ಬರು ಬಂದರು. ಹೆಸರು ಯೂಜೀನ್, ಸಾವಿರದ ಒಂಬೈನೂರ ಐವತ್ತೇಳರಲ್ಲಿ ಸಿದ್ರಾಮಪ್ಪನವರ ಜೊತೆ ಇಲ್ಲಿಯ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿದ್ದವರು.

ಬಂಗಾರೆವ್ವನ ಮುಖ ಅರಳಿತು. ಮದುವೆಯಾದಾಗಿನಿಂದ ಆ ಒಂದು ಸೀಸನ್ನಿನ ಕತೆ ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು. ಗದಗಿನ ಹುಡುಗ ಬರಿಗಾಲಲ್ಲಿ ಒದ್ದ ಚೆಂಡು ಅಮೆರಿಕದವರ ಗೋಲುಕಂಬಗಳ ನಡುವೆ ಹಾರಿ ಪಾಯಿಂಟು ತರುತ್ತಿದ್ದ ಕತೆ.

"ಇವರ ಆಟ ಹೆಂಗಿತ್ತು ಕೇಳು," ಎಂದರು ಮಗನಿಗೆ.

ಶಿವರಾಜ ಇಂಗ್ಲಿಷಿನಲ್ಲಿ ಕೇಳಿದ. ಯೂಜೀನ್ ಗಲಿಬಿಲಿಗೊಂಡರು.

"ಸಿದ್ ಆಡಲೇ ಇಲ್ಲವಲ್ಲ. ಮನೆಯಲ್ಲಿ ಹೇಳಿರಲಿಲ್ಲವೇ?"

*

ಐವತ್ತೇಳರ ನವೆಂಬರ್, ಸೀಸನ್ನಿನ ಕೊನೆಯ ಪಂದ್ಯ. ಜಿಟಿಜಿಟಿ ಮಳೆ. ಗೆಲ್ಲಲು ಒಂದೇ ಒಂದು ಒದೆ ಸಾಕಿತ್ತು.

ಬೆಂಚಿನ ತುದಿಯಲ್ಲಿ ಕಂಬಳಿ ಹೊದ್ದು ಸಿದ್ರಾಮಪ್ಪ ಕೂತಿದ್ದರು. ಸೀಸನ್ನಿಡೀ ಅವರ ಜಾಗ ಅದೇ. ಪ್ರಾಕ್ಟೀಸಿನಲ್ಲಿ ಅವರ ಬರಿಗಾಲಿನ ಹೊಡೆತ ಕಂಡು ಕೋಚ್ ನಗುತ್ತಿದ್ದ, "ಮುಂದಿನ ವಾರ" ಎನ್ನುತ್ತಿದ್ದ. ಆ ಮುಂದಿನ ವಾರ ಬಂದಿರಲಿಲ್ಲ.

ಕೋಚ್ ಬೆಂಚಿನ ಕಡೆ ಬಂದ. ನೇರ ಅವರನ್ನೇ ನೋಡಿದ. ಸಿದ್ರಾಮಪ್ಪ ಬಲಗಾಲಿನ ಬೂಟು ಬಿಚ್ಚಿದರು, ಕಾಲುಚೀಲ ಕಿತ್ತರು, ಎದ್ದು ನಿಂತರು.

ಕೋಚ್‌ನ ಕೈ ಪಕ್ಕದ ಯೂಜೀನನ ಹೆಗಲ ಮೇಲೆ ಬಿತ್ತು.

ಯೂಜೀನ್ ಒದ್ದ ಚೆಂಡು ಕಂಬಗಳ ಹೊರಗೆ ಹೋಯಿತು, ಪಂದ್ಯ ಕೈತಪ್ಪಿತು. ಜನರೆಲ್ಲ ಹೋದ ಮೇಲೂ ಸಿದ್ರಾಮಪ್ಪ ಒದ್ದೆ ಹುಲ್ಲಿನ ಮೇಲೆ ಬರಿಗಾಲಿಟ್ಟುಕೊಂಡು ಕೂತೇ ಇದ್ದರು.

*

ಯೂಜೀನ್ ಹೇಳಿದ್ದನ್ನೆಲ್ಲ ಕೇಳಿ, ಅವ್ವನಿಗೆ ಸುಳ್ಳು ಹೇಳಿಬಿಡೋಣವೆಂದು ಶಿವರಾಜನಿಗೆ ಅನಿಸಿತು. ಆದರೂ ಬೂಟು ಬಿಚ್ಚಿದ್ದೂ ಸೇರಿ ಎಲ್ಲವನ್ನೂ ಹೇಳಿದ.

ಬಂಗಾರೆವ್ವ ಗಂಡನ ಮುಖವನ್ನೇ ನೋಡಿದರು. ಮೊದಲು ಸಿಟ್ಟು ಬಂತು, ನನಗೂ ಹೇಳಲಿಲ್ಲವಲ್ಲ ಎಂದು. ಆಮೇಲೆ ಕಣ್ಣು ಅವರ ಬೂಟಿನ ಮೇಲೆ ಹೋಯಿತು.

"ಪೂರಾ ಸೀಸನ್ ಕುಂತs ಇದ್ರೇನು?"

"ಹೂಂ, ಅವ್ವಾ."

ಮುಚ್ಚಳದ ಮೇಲಿನ ಕೈ ಸಡಿಲವಾಯಿತು. ಅವರು ಲಿಂಗವನ್ನು ಗಂಡನ ಎಡಗೈಯಲ್ಲಿಟ್ಟು ಬೆರಳು ಮಡಿಸಿದರು.

"ಹಂಗಾರ ಮಲಗ್ಲಿ ಬಿಡು. ಕುಂತಿದ್ದು ಸಾಕು." ಮಗನ ಕಡೆ ತಿರುಗಿದರು, "ಆ ಬಲಗಾಲಿನ ಬೂಟು ಬಿಚ್ಚು."

ಗುಂಡಿಯ ಬಳಿ ಮಡಚುವ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮೊದಲ ಕುರ್ಚಿ ಬಂಗಾರೆವ್ವನಿಗೆ. ಅವರು ಕೂರಲಿಲ್ಲ. ವಾಕರ್ ಹಿಡಿದು ಯೂಜೀನ್ ಕೂಡ ನಿಂತರು. ಅವರಿಬ್ಬರನ್ನು ನೋಡಿ ಉಳಿದವರೂ ಎದ್ದರು.

ಪೆಟ್ಟಿಗೆ ಕೆಳಗಿಳಿಯಿತು. ಬಂಗಾರೆವ್ವನ ಹಿಂದೆ, ಮೊದಲ ಕುರ್ಚಿಯ ಮೇಲೆ, ಕಾಲುಚೀಲ ತುರುಕಿದ ಒಂಟಿ ಬೂಟು ಕೂತಿತ್ತು.