ಹೊರಗಿಟ್ಟ ದೀಪ

"ಎತ್ರಲಾ, ಬಿಸ್ಲು ನೆತ್ತಿಗ್ ಬತ್ತಾ ಅದೆ" ಎಂದು ಯಾರೋ ಕೂಗಿದಾಗ ಚಟ್ಟದ ಮೂರು ಮೂಲೆಗೆ ಹೆಗಲು ಸಿಕ್ಕಿತ್ತು. ನಾಲ್ಕನೆಯದು ನೆಲ ಬಿಟ್ಟೇಳಲಿಲ್ಲ. ಆ ಊರಿನಲ್ಲಿ ಯಾರೇ ಹೋಗಲಿ, ಎದುರುಮನೆಯವನದೊಂದು ಹೆಗಲು ಇರಲೇಬೇಕು. ಎದುರುಮನೆಯ ಮರಿಸಿದ್ದಯ್ಯನೋ ತನ್ನ ಜಗಲಿಯ ಮೇಲೆ ಬೀದಿಗೆ ಬೆನ್ನು ಹಾಕಿ ಕೂತು, ಹಗ್ಗಕ್ಕೆ ಇಂದೇ ಗತಿ ಕಾಣಿಸಬೇಕೆನ್ನುವವನಂತೆ ಹುರಿ ಹೊಸೆಯುತ್ತಿದ್ದ.

ಹೆಲ್ತ್ ಇನ್‌ಸ್ಪೆಕ್ಟರ್ ತಿರುನಾರಾಯಣಯ್ಯನವರು ಇದನ್ನೆಲ್ಲ ಕುರ್ಚಿಯಲ್ಲಿ ಕೂತು ನೋಡಿದರು. ಊರಿಗೆಲ್ಲ ಇದ್ದ ಒಂದೇ ಕುರ್ಚಿ ಅದು. ಅವರು ಬಂದರೆಂದು ಚಾವಡಿಯಿಂದ ಹೊತ್ತು ತಂದಿದ್ದರು. ಮಂಡ್ಯದಿಂದ ಬಸ್ಸು ಹತ್ತಿ, ದುದ್ದದಲ್ಲಿ ಇಳಿದು ಎರಡು ಮೈಲಿ ನಡೆದಿದ್ದರು. ಸತ್ತ ಪುಟ್ಟಮಾದಯ್ಯನ ಮುಖ ಒಮ್ಮೆ ನೋಡಿ, ಕೆರೆಯಲ್ಲೊಂದು ಮುಳುಗು ಹಾಕಿ, ಮಧ್ಯಾಹ್ನದ ಬಸ್ಸಿಗೆ ವಾಪಸಾಗುವುದು ಅವರ ಲೆಕ್ಕಾಚಾರ.

"ಬುದ್ದಿ, ನೀವೊಂದು ಮಾತೇಳಿ" ಎಂದಳು ಸತ್ತವನ ಹೆಂಡತಿ ಚಿಕ್ಕಮಾದಮ್ಮ. ಅತ್ತಿರಲಿಲ್ಲ, ದನಿ ಮಾತ್ರ ಒರಟಾಗಿತ್ತು. "ನೀವೇಳುದ್ರೆ ಬತ್ತಾನೆ."

"ನನ್ನ ಮಾತು ಕೇಳ್ತಾನೇನಮ್ಮ?"

"ನೀವ್ ಬರ್ದಿದ್ನ ಐದ್ ವರ್ಸ ನಂಬ್ಕಂಡವ್ನೆ. ಏಳುದ್ನ ನಂಬಾಕಿಲ್ವ?"

ತಿರುನಾರಾಯಣಯ್ಯನವರಿಗೆ ಕುರ್ಚಿ ಚುಚ್ಚತೊಡಗಿತು.

*

ಐದು ವರ್ಷದ ಹಿಂದಿನ ಮಾತು, ಆ ವರ್ಷ ಪ್ಲೇಗು. ಇಲಿಬಿಲಗಳಿಗೆ ಪಂಪಿನಿಂದ ವಿಷದ ಪುಡಿ ಊದಿ, ಬಿಲದ ಬಾಯಿಗೆ ಮಣ್ಣು ಮೆತ್ತಬೇಕು. ಪುಡಿಗೆ ತೇವ ತಾಗಿದರೆ ಸಾಕು, ವಿಷಗಾಳಿ ಏಳುತ್ತದೆ. ಪುಟ್ಟಮಾದಯ್ಯ ಪಂಪಿನ ಮೇಸ್ತ್ರಿ. ಊರೂರಿಗೂ ಹೋಗಿ ಕೂಲಿಗಳಿಗೆ, ಊರವರಿಗೆ ಕಲಿಸುವವನು. ಇನ್‌ಸ್ಪೆಕ್ಟರು ಸರ್ಕಾರದ ಪುಸ್ತಕ ಬಿಡಿಸಿ, "ಕಹಿಬಾದಾಮಿಯ ಪರಿಮಳ ಬಂದಲ್ಲಿ ತಕ್ಷಣ ಸ್ಥಳ ಬಿಡತಕ್ಕದ್ದು" ಎಂದು ಓದುತ್ತಿದ್ದರು. ಅವನು ಅದನ್ನು ಜನಕ್ಕೆ ದಾಟಿಸುತ್ತಿದ್ದ:

"ಬಾದಾಮಿ ತಿಂದೋನ್ ಯಾವನವ್ನಲಾ ಇಲ್ಲಿ? ಮೂಗಿಗೆ ಹೊಸಾ ವಾಸ್ನೆ ಬಂತಾ, ಓಡು. ನೆಂಟ್ರ ವಾಸ್ನೆಯೋ ಅಂತ ನೋಡ್ತಾ ನಿಂತ್ಕಬ್ಯಾಡ. ಗಾಳಿಗೆ ಬೆನ್ ಕೊಡು. ಒದ್ದೆ ಕೈಲಿ ಡಬ್ಬ ಮುಟ್ಬ್ಯಾಡ."

ಪುಸ್ತಕದಲ್ಲಿಲ್ಲದ್ದೊಂದನ್ನು ಅವನು ತಾನೇ ಸೇರಿಸಿಕೊಂಡಿದ್ದ. ಪುಡಿ ಊದಿದ ಮನೆಗೆ ಮಾರನೆಯ ಬೆಳಗಿನವರೆಗೆ ಯಾರೂ ಕಾಲಿಡಕೂಡದು. ಜನ ಕಣದಲ್ಲಿ ಮಲಗಲು ಒಪ್ಪುತ್ತಿದ್ದರು. ಸಂಜೆ ಮನೆದೇವರು ಕತ್ತಲಲ್ಲಿರುವುದಕ್ಕೆ ಮಾತ್ರ ಹೆಂಗಸರು ಒಪ್ಪುತ್ತಿರಲಿಲ್ಲ. ಅದಕ್ಕೆ ಅವನು ಪ್ರತಿ ಮನೆಯ ದೇವರ ದೀಪವನ್ನೂ ಹೊರಗೆ ತರಿಸಿ, ಬಾಗಿಲಿಗೆ ದೂರವಾಗಿ ಬೀದಿಯಂಚಿನ ಕಲ್ಲಿನ ಮೇಲೆ ಇಡಿಸುತ್ತಿದ್ದ. "ದೇವ್ರೂ ಇವತ್ತು ಈಚೆ ಮನಿಕತಾನೆ ಕಣವ್ವ" ಎನ್ನುತ್ತಿದ್ದ. ಹೆಂಗಸರು ನಗುತ್ತಿದ್ದರು, ಹೊರಗೇ ಕೈಮುಗಿಯುತ್ತಿದ್ದರು.

ಅವನ ಸ್ವಂತ ಊರಿನ ಸರದಿ ಬಂದ ದಿನ ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಬೀದಿಯುದ್ದಕ್ಕೂ ಸಾಲಾಗಿ ಇಟ್ಟಿದ್ದ ಹಣತೆ ಕಂಡು ತಿರುನಾರಾಯಣಯ್ಯನವರು ಸಿಡಿದರು: "ಇದೇನಯ್ಯ, ದೀಪಾವಳಿಯೆ? ಬೆಂಕಿ ಹತ್ತಿರ ತರಬಾರದು ಅಂತ ಪುಸ್ತಕದಲ್ಲಿದೆ. ತೆಗೆಸು."

"ದೂರ ಮಡಗಿವ್ನಿ ಬುದ್ದಿ. ಇಲ್ದಿದ್ರೆ ಒಳಿಕ್ಕೋಯ್ತಾರೆ."

"ನೀನು ನನಗೆ ಕಲಿಸ್ತೀಯ?"

ತೆಗೆದ. ಸಾಹೇಬರು ಬರಲೇ ಇಲ್ಲ. ಅವರ ಕಾರು ಮದ್ದೂರಿನಲ್ಲಿ ಕೆಟ್ಟು ನಿಂತಿತ್ತು. ಸಂಜೆ ಮರಿಸಿದ್ದಯ್ಯನ ತಾಯಿ ಚಿಕ್ಕಬೋರಮ್ಮ ಕಣದಿಂದ ಸದ್ದಿಲ್ಲದೆ ಎದ್ದು ಬಂದು, ದೇವರ ಗೂಡಿಗೆ ದೀಪ ಹಚ್ಚಲು ಬಾಗಿಲು ತೆರೆದಳು. ಬೆಳಿಗ್ಗೆ ಸಿಕ್ಕಿದಾಗ ಅವಳ ಕೈಯಲ್ಲಿ ಬತ್ತಿಯಿತ್ತು.

'ಮೇಸ್ತ್ರಿಯ ಅಜಾಗರೂಕತೆ' ಎಂದು ವರದಿ ಬರೆದವರು ತಿರುನಾರಾಯಣಯ್ಯ. ಚಾವಡಿಯಲ್ಲಿ ಓದಿದವರೂ ಅವರೇ. ಪುಟ್ಟಮಾದಯ್ಯ ಒಮ್ಮೆ ಅವರ ಮುಖ ನೋಡಿ, "ಊಂ ಬುದ್ದಿ" ಎಂದ. ಕೆಲಸ ಹೋಯಿತು. ಆಮೇಲೂ ಆ ಕಡೆ ಪುಡಿ ಊದುವವರು ಬಂದಾಗಲೆಲ್ಲ ಅವನು ನೇಗಿಲು ಬಿಟ್ಟು ಬಂದು, ಯಾರೂ ಕರೆಯದಿದ್ದರೂ ಬೀದಿಯಲ್ಲಿ ನಿಂತು, ಗಾಳಿಗೆ ಬೆನ್ನು ಕೊಡಿ ಎಂದು ಕೂಗುತ್ತಿದ್ದನಂತೆ.

*

ಕುರ್ಚಿಯಿಂದ ಎದುರಿನ ಜಗಲಿಗೆ ಎಂಟು ಹೆಜ್ಜೆ. ತಿರುನಾರಾಯಣಯ್ಯನವರಿಗೆ ದುದ್ದದಿಂದ ನಡೆದದ್ದೇ ಹಗುರವಾಗಿತ್ತು.

"ಮರಿಸಿದ್ದಯ್ಯ, ಹೆಗಲು ಕೊಡಪ್ಪ."

"ನಮ್ಮವ್ವನ್ ಕೊಂದೋನ್ಗಾ?" ಅವನು ತಿರುಗಲಿಲ್ಲ. "ನೀವೇ ಓದುದ್ರಲ್ಲ ಚಾವ್ಡೀಲಿ."

"ಓದಿದೆ." ಅವರು ಜಗಲಿಗೆ ಇನ್ನೊಂದು ಹೆಜ್ಜೆ ಹತ್ತಿರವಾದರು. "ದೀಪ ಹೊರಗಿಡಬೇಡ ಅಂದವನು ನಾನು. ತೆಗೆಸಿದ್ರೆ ಜನ ಒಳಗೆ ಹೋಗ್ತಾರೆ ಅಂತ ಅವನು ಹೇಳಿದ್ದ."

ಹುರಿ ಹೊಸೆಯುವ ಕೈ ನಿಂತಿತು.

"ಇನ್ನೊಂದ್ಸಲ ಏಳಿ. ತಮಟೆ ಸದ್ದಿಗೆ ಕೇಳ್ನಿಲ್ಲ."

ತಮಟೆ ನಿಂತು ಗಳಿಗೆಯಾಗಿತ್ತು. ತಿರುನಾರಾಯಣಯ್ಯನವರು ಇನ್ನೊಮ್ಮೆ ಹೇಳಿದರು, ವರದಿ ಓದಿದಷ್ಟೇ ಗಟ್ಟಿಯಾಗಿ.

ಮರಿಸಿದ್ದಯ್ಯ ಹುರಿ ಎಸೆದು, ಅವರನ್ನು ಅಡ್ಡ ನಿಂತ ಕಂಬದಂತೆ ಸುತ್ತಿಹೋಗಿ ಬೀದಿ ದಾಟಿದ. ಚಟ್ಟಕ್ಕೆ ಬಗ್ಗಿ, "ಎದ್ರು ಬದ್ರು ಇದ್ಕಂಡು ಒಂದ್ ಮಾತ್ ಏಳ್ನಿಲ್ವಲ್ಲ ನೀನು, ಹಾಳಾದೋನೆ" ಎಂದು ಹೆಣಕ್ಕೆ ಬೈದ. ನಾಲ್ಕನೆಯ ಮೂಲೆ ಎದ್ದಿತು.

*

ಮಣ್ಣು ಮಾಡಿ ಬಂದವರು ಸತ್ತವನ ಮನೆಯ ದೀಪ ನೋಡಿಯೇ ಹೋಗಬೇಕು. ಮಧ್ಯಾಹ್ನದ ಬಸ್ಸು ಹೋಗಿ ಹೊತ್ತು ಮುಳುಗುತ್ತಿತ್ತು. ದೀಪ ಒಳಗಿರಲಿಲ್ಲ, ಬೀದಿಯಂಚಿನ ಕಲ್ಲಿನ ಮೇಲಿತ್ತು. ಕಣ್ಣೆತ್ತಿದರೆ ಬೀದಿಯ ಅಷ್ಟೂ ಮನೆಗಳ ಮುಂದೆ ಒಂದೊಂದು ಹಣತೆ ಉರಿಯುತ್ತಿತ್ತು.

"ನಿನಗೆ ಮೊದಲೇ ಗೊತ್ತಿತ್ತೇನಮ್ಮ?" ಎಂದರು ತಿರುನಾರಾಯಣಯ್ಯ.

"ಗೊತ್ತಿತ್ತು ಬುದ್ದಿ" ಎಂದಳು ಚಿಕ್ಕಮಾದಮ್ಮ. "ಬಾಯ್ಬುಟ್ರೆ ಇನ್‌ಸ್ಪೆಟ್ರ ಮಾತ್ನ ಯಾರೂ ಕೇಳಾಕಿಲ್ಲ, ಮುಂದ್ಲ ಪ್ಲೇಗಿಗೆ ಮನೆ ಬುಟ್ಟು ಈಚ್ಗೆ ಬರಾಕಿಲ್ಲ, ಸಾಯ್ತರೆ ಅಂತಿದ್ರು ನಮ್ಮನೆಯೋರು. ಈಗ ಅವ್ರೇ ಇಲ್ವಲ್ಲ."

ಅವಳು ಒಳಗೆ ಹೋದಳು. ಬೆಳಗಿನ ಕುರ್ಚಿ ಅಲ್ಲಿರಲಿಲ್ಲ. ಯಾರೋ ಚಾವಡಿಗೆ ಹೊತ್ತು ಹಾಕಿದ್ದರು. ಕೆರೆಯ ಕಡೆಯಿಂದ ಗಾಳಿ ಬೀಸಿತು. ದೀಪದ ಕುಡಿ ಮಲಗಿತು. ತಿರುನಾರಾಯಣಯ್ಯನವರು ಮಡಿ ಮೈಲಿಗೆ ಮರೆತು ನೆಲಕ್ಕೆ ಮಂಡಿಯೂರಿದರು. ಗಾಳಿಗೆ ಬೆನ್ನು ಕೊಟ್ಟು, ಎರಡೂ ಕೈ ಅಡ್ಡ ಹಿಡಿದರು. ಕುಡಿ ಎದ್ದು ನಿಂತಿತು. ಅಂಗೈ ಸುಡತೊಡಗಿತು. ಜನ ಒಬ್ಬೊಬ್ಬರಾಗಿ ಬಂದು, ದೀಪ ನೋಡಿ, ಹೋದರು. ಸಾಕು ಬುದ್ದಿ ಎಂದು ಯಾರೂ ಅನ್ನಲಿಲ್ಲ.