ಇನ್ನೂರ ಹನ್ನೆರಡನೇ ಪುಟದ ಕಸ

ನಮ್ಮ ಕೌಂಟಿಯ ಚರಿತ್ರೆಯ ಪುಸ್ತಕ ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯುವಷ್ಟು ದಪ್ಪ. ಹಸಿರು ರಟ್ಟು, ಚಿನ್ನದ ಅಕ್ಷರ. ಅಮೆರಿಕದ ಜಾರ್ಜಿಯಾದ ಈ ಮೂಲೆಯಲ್ಲಿ ಹತ್ತಿಗಿರಣಿ ಹಾಕಿದವರು ಯಾರು, ಯಾವ ಕರ್ನಲನ ಕುದುರೆಗೆ ಏನು ಹೆಸರು, ಎಲ್ಲವೂ ಅದರಲ್ಲಿದೆ. ಬೇಟೆನಾಯಿಯೊಂದರ ಸಮಾಧಿಗೆ ಮೂರು ಸಾಲು ಕೊಟ್ಟಿದ್ದಾರೆ. ನನ್ನ ಅಜ್ಜಿಯನ್ನು ಹೂಳಿದ ಜಾಗಕ್ಕೆ ಇರುವುದು ಇಷ್ಟೇ: "ಹಳೆಯ ಮನೆಯೊಂದರ ನೆಲೆ. ಒಡೆದ ಪಿಂಗಾಣಿ, ಚಿಪ್ಪು, ಕಸ. ಸಮಾಧಿಗಳಿಲ್ಲ."

ನಾನು ಒಡೆಸ್ಸಾ ಪ್ಲಮರ್, ಇಪ್ಪತ್ತೆಂಟು ವರ್ಷ ಮೂರನೇ ತರಗತಿಗೆ ಪಾಠ ಹೇಳಿದವಳು. ಆ ಪುಸ್ತಕವನ್ನು ಮಕ್ಕಳ ಮುಂದೆ ಎಷ್ಟು ಸಲ ತೆರೆದಿದ್ದೇನೋ ಲೆಕ್ಕವಿಲ್ಲ. ಆದರೂ ಇನ್ನೂರ ಹನ್ನೆರಡನೇ ಪುಟವನ್ನು ಓದಿರಲಿಲ್ಲ. ಕರಿಯರಾದ ನಮ್ಮ ಸುದ್ದಿ ಅದರಲ್ಲಿ ಇರುತ್ತದೆ ಎಂಬ ಆಸೆಯನ್ನೇ ಬಿಟ್ಟಿದ್ದೆ. ಅದಕ್ಕೆ ನನ್ನ ಮೇಲೆ ನನಗೇ ಸಿಟ್ಟಿದೆ.

ಆ ಸಾಲು ಕಣ್ಣಿಗೆ ಬಿದ್ದದ್ದು ರಸ್ತೆ ಇಲಾಖೆಯ ಎಂಜಿನಿಯರ್ ಪೈನ್ ಮರಗಳಿಗೆ ಕೆಂಪು ಪಟ್ಟಿ ಕಟ್ಟುತ್ತ ಬಂದಾಗ. ಹೆದ್ದಾರಿಯನ್ನು ಅಗಲ ಮಾಡುತ್ತಾರಂತೆ, ಅಜ್ಜಿಯ ಎದೆಯ ಮೇಲೆ ಹಾಯಿಸಿಕೊಂಡು. ಇಲ್ಲಿ ನಮ್ಮವರು ಮಲಗಿದ್ದಾರೆ ಎಂದೆ. ಒಳ್ಳೆಯ ಮನುಷ್ಯನೇ, ಟೋಪಿ ತೆಗೆದು ಮಾತಾಡಿದ. ಪುಸ್ತಕದಲ್ಲಿ ಇಲ್ಲವಲ್ಲಮ್ಮ, ನಾವು ನೋಡುವುದು ಅದನ್ನೇ ಎಂದ. ಗುರುವಾರ ಕೌಂಟಿಯ ಸಭೆ. ಅಷ್ಟರೊಳಗೆ ಪುಸ್ತಕ ಮಾಡಿದವರೇ ತಪ್ಪು ತಿದ್ದಿ ಸಹಿ ಹಾಕಿ ಕೊಟ್ಟರೆ ರಸ್ತೆ ಪಕ್ಕಕ್ಕೆ ತಿರುಗುತ್ತದೆ. ಇಲ್ಲವಾದರೆ ಶುಕ್ರವಾರ ಬುಲ್ಡೋಜರ್ ಬರುತ್ತದೆ.

ಪುಸ್ತಕ ಮಾಡಿದವರು ಮಿಸೆಸ್ ಲೆನೋರ್ ಗ್ರ್ಯಾಂಬ್ಲಿಂಗ್. ಮೂವತ್ತೊಂದು ವರ್ಷದ ಹಿಂದೆ ಹಳ್ಳಿ ಹಳ್ಳಿ ಸುತ್ತಿ ಸಮಾಧಿಗಳ ಪಟ್ಟಿ ಬರೆದವರು. ಈಗ ಎಂಬತ್ತು ದಾಟಿದೆ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹೊಸ ಮುದ್ರಣಕ್ಕೆ ಕರಡು ತಿದ್ದುತ್ತಾರೆ. ಬಿಳಿಯರಾದ ಅವರು ನನ್ನನ್ನು ಬರೀ ಒಡೆಸ್ಸಾ ಎನ್ನುತ್ತಾರೆ, ನಾನು ಮಿಸೆಸ್ ಗ್ರ್ಯಾಂಬ್ಲಿಂಗ್ ಎನ್ನಬೇಕು. ನನಗೂ ಅರವತ್ತಾಯಿತು.

ಸೋಮವಾರ ಹೋದೆ. ಕಲ್ಲಿನ ಮೇಲೆ ಹೆಸರಿದೆಯೇ ಎಂದು ಕೇಳಿದರು. ಇಲ್ಲ. ಚರ್ಚಿನ ದಾಖಲೆ? ಚರ್ಚ್ ಸುಟ್ಟುಹೋಯಿತು ಎಂದು ಅವರ ಪುಸ್ತಕವೇ ಹೇಳುತ್ತದೆ, ಸುಟ್ಟವರು ಯಾರೆಂದು ಮಾತ್ರ ಹೇಳುವುದಿಲ್ಲ.

"ಏನಾದ್ರೂ ಅಚ್ಚಾಗಿರೋ ಆಧಾರ ಬೇಕು ಒಡೆಸ್ಸಾ," ಎಂದರು. "ಬಾಯಿಮಾತನ್ನ ನಾನು ಪುಸ್ತಕಕ್ಕೆ ಹಾಕಕ್ಕಾಗಲ್ಲ."

"ಗುಲಾಮಗಿರಿ ಕಾಲದಲ್ಲಿ ನಮ್ಮೋರಿಗೆ ಅಕ್ಷರ ಕಲಿಸಿದ್ರೆ ಚಾಟಿ ಏಟು ಅಂತ ಕಾನೂನು ಮಾಡಿದ್ರಲ್ಲ, ನಮ್ಮೋರು ಎಲ್ಲಿ ಹೋಗಿ ಅಚ್ಚು ಹಾಕಿಸ್ಬೇಕಿತ್ತು?"

ಅವರ ಮುಖ ಕೆಂಪಾಯಿತು. ಬೇಕಾದರೆ ಅಡಿಟಿಪ್ಪಣಿಯಲ್ಲಿ "ಸ್ಥಳೀಯರ ನಂಬಿಕೆಯಂತೆ" ಎಂದು ಸೇರಿಸುತ್ತೇನೆ ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಕುದುರೆಯ ಹೆಸರು ಸತ್ಯ, ನನ್ನ ಅಜ್ಜಿ ನಂಬಿಕೆ.

ಅಲ್ಲಿಂದ ನೆಟ್ಟಗೆ ಅಜ್ಜಿಯ ಮಗಳು, ನನ್ನ ವೆಲ್ಮಾ ಅತ್ತೆಯ ಮನೆಗೆ ಹೋದೆ. ಅತ್ತೆಗೆ ತೊಂಬತ್ತೊಂದು. ಜಗಲಿಯಲ್ಲಿ ಕೂತು ಅವರೆ ಸುಲಿಯುತ್ತಿದ್ದಳು. ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ಕಾಳಿನ ಬೋಗುಣಿಯನ್ನು ನನ್ನ ಮಡಿಲಿಗೆ ತಳ್ಳಿದಳು.

"ಟೀಚರಮ್ಮ ಅಲ್ವಾ ನೀನು, ಕಾಗದ ಬಿಟ್ರೆ ಬೇರೆ ಏನೂ ಕಾಣಲ್ಲ ನಿಂಗೆ," ಎಂದಳು. "ಸಾಸರ್ ತಗೊಂಡ್ಹೋಗೇ."

ನಮ್ಮಲ್ಲಿ ಹಾಗೆಯೇ. ಸತ್ತವರು ಕೊನೆಯ ಸಲ ಕುಡಿದ ಕಪ್ಪಿನ ತಳ ಒಡೆದು ತಲೆಯ ಕಡೆ ಇಡುತ್ತೇವೆ. ಇಲ್ಲಿ ಒಡೆದದ್ದು ಅಲ್ಲಿ ಇಡಿಯಾಗಿರುತ್ತದೆ; ಅವರಿಗೆ ಬಾಯಾರಿದಾಗ ಬೇಕಲ್ಲ. ಮೇಲೆ ಕಡಲ ಚಿಪ್ಪು ಜೋಡಿಸುತ್ತೇವೆ. ಪಕ್ಕದಲ್ಲಿ ಕತ್ತಾಳೆಯಂಥ ಮುಳ್ಳುಗಿಡ ನೆಡುತ್ತೇವೆ, ಅದು ಬೇಗ ಸಾಯುವುದಿಲ್ಲ. ಸಾಸರ್ ಮನೆಯಲ್ಲಿ ಉಳಿಯುತ್ತದೆ. ಕ್ಲೊರಿಂಡಾ ಅಜ್ಜಿ ಸತ್ತಾಗ ನನಗೆ ಎಂಟು ವರ್ಷ, ಕಪ್ ಹೇಗಿತ್ತೆಂಬ ನೆನಪಿಲ್ಲ. ಅತ್ತೆ ಟ್ರಂಕಿನಿಂದ ತೆಗೆದುಕೊಟ್ಟ ಸಾಸರಿಗೆ ನೀಲಿ ಅಂಚು, ನಡುವೆ ಮೂರೆಲೆಯ ಬಳ್ಳಿ.

ಬುಧವಾರ ಅದನ್ನು ಮಿಸೆಸ್ ಗ್ರ್ಯಾಂಬ್ಲಿಂಗ್ ಅವರ ಕರಡಿನ ಮೇಲೆಯೇ ಇಟ್ಟೆ. ನೀವು ಕಸ ಎಂದು ಬರೆದದ್ದು ಇದರ ಜೋಡಿ ಎಂದೆ. ಅವರು ಸಾಸರನ್ನು ನೋಡಿದರು. ಆಮೇಲೆ ಅವರ ಕಣ್ಣು ನನ್ನನ್ನು ದಾಟಿ ಬಾಗಿಲ ಪಕ್ಕದ ಗಾಜಿನ ಕಪಾಟಿಗೆ ಹೋಯಿತು. ನಾನೂ ತಿರುಗಿದೆ.

ನೀಲಿ ಅಂಚಿನ ಕಪ್. ಮೂರೆಲೆಯ ಬಳ್ಳಿ. ಕೆಳಗೆ ಚೀಟಿ: "ಹಳೆಯ ಮನೆಬಳಕೆಯ ಪಾತ್ರೆ. ಪುಟ 212 ನೋಡಿ." ಪ್ರತಿ ವರ್ಷ ನಾನು ಮಕ್ಕಳನ್ನು ಕರೆತಂದು ಆ ಕಪಾಟಿನ ಮುಂದೆ ಸಾಲಾಗಿ ನಿಲ್ಲಿಸಿ, ಯಾರೂ ಮುಟ್ಟಬೇಡಿ ಎಂದು ಗದರಿಸಿದ್ದೇನೆ.

ತೆಗೆಯಿರಿ ಎಂದೆ. ಅವರು ಬೀಗದ ಕೈ ಹುಡುಕಿ ಕಪಾಟು ತೆರೆದರು. ಕಪ್ಪನ್ನು ಬೋರಲು ಹಾಕಿ ತೋರಿಸಿದೆ. ತಳದಲ್ಲಿ ಹೆಬ್ಬೆರಳು ತೂರುವಷ್ಟು ತೂತು.

"ಇಂಥ ಕಪ್ಪಲ್ಲಿ ಯಾರು ಮನೇಲಿ ಕಾಫಿ ಕುಡೀತಾರೆ ಹೇಳಿ."

"ಅದೊಂದೇ ಚೆನ್ನಾಗಿ ಉಳಿದಿತ್ತು," ಎಂದರು. "ತೊಳೆದು ತಂದೆ."

ಎಲ್ಲಿಂದ ತೆಗೆದಿರಿ ಎಂದು ಕೇಳಿದೆ. ಮುಳ್ಳುಗಿಡದ ಬುಡದಿಂದ. ಬೇರೆ ಗಿಡಗಳ ಬುಡದಲ್ಲೂ ಇತ್ತೇ? ಅವರು ಅಂದಿನ ಟಿಪ್ಪಣಿ ಪುಸ್ತಕ ಹುಡುಕಿ ತೆಗೆದರು. ಅಚ್ಚುಕಟ್ಟಿನ ಹೆಂಗಸು, ಎಲ್ಲವನ್ನೂ ಎಣಿಸಿ ಬರೆದಿದ್ದರು: ಗಿಡ ಹದಿನೇಳು, ಎರಡು ಸಾಲು, ಪ್ರತಿ ಗಿಡದ ಬುಡದಲ್ಲೂ ಒಡೆದ ಪಾತ್ರೆ. ಎಲ್ಲವನ್ನೂ ಕಣ್ಣಾರೆ ನೋಡಿ, ಎಣಿಸಿ, ಕೊನೆಗೆ ಕಸ ಎಂದಿದ್ದರು. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಅತ್ತೆಯ ಮನೆ ಅಲ್ಲಿಂದ ಕೂಗಳತೆಯಲ್ಲಿದೆ.

"ಕಸಾನ ಯಾರಾದ್ರೂ ಸಾಲಾಗಿ ನೆಡ್ತಾರೇನ್ರೀ?" ಎಂದೆ.

ಅವರು ಪೆನ್ನು ತೆಗೆದುಕೊಂಡರು. "ಸಮಾಧಿ ಸ್ಥಳ. ಹದಿನೇಳು ಸಮಾಧಿಗಳು" ಎಂದು ಬರೆದು, ಮುಂದೆ "ಸ್ಥಳೀಯರ ನಂಬಿ" ಎಂಬಷ್ಟಕ್ಕೆ ಬಂದಾಗ ನಾನು ಕಾಗದದ ಮೇಲೆ ಬೆರಳಿಟ್ಟೆ. ಅವರು ಅದನ್ನು ಹೊಡೆದುಹಾಕಿ ಸಹಿ ಮಾಡಿದರು. ನಾಳೆಯ ಸಭೆಗೆ ಅಷ್ಟು ಸಾಕು. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡೆ. ಕರವಸ್ತ್ರದಲ್ಲಿ ಕಪ್ಪನ್ನು ಸುತ್ತತೊಡಗಿದೆ.

"ಮಿಸ್ ಪ್ಲಮರ್," ಎಂದು ಬಾಗಿಲಿಗೆ ಅಡ್ಡ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ, ಅದೂ ನನ್ನಿಂದ ಏನೋ ಬೇಕಾದಾಗ. ಕಪ್ ಇಲ್ಲೇ ಇರಲಿ, ನಿಮ್ಮ ಅಜ್ಜಿಯ ಹೆಸರು ಬರೆದು ಹೊಸ ಚೀಟಿ ಹಾಕಿಸುತ್ತೇನೆ, ಅವರಿಗೂ ಅದು ಗೌರವವಲ್ಲವೇ ಎಂದು ಕೇಳಿದರು. ನಿಜವಾಗಿಯೂ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ಅದನ್ನು ಕಂಡು ನನಗೆ ಇನ್ನಷ್ಟು ಸಿಟ್ಟು ಬಂತು.

"ಮೂವತ್ತೊಂದು ವರ್ಷದಿಂದ ನಮ್ಮಜ್ಜಿಗೆ ಬಾಯಾರಿದೆ," ಎಂದೆ. "ದಾರಿ ಬಿಡಿ."